ಹಲ್ಲಿನಿಂದ ತೆಗೆಯುವ ಬಾಗಿಲು

ಮೊದಲು ಒಂದು ಒಗಟು. ಮನೆ ಮೇಲೆ, ಅಡುಗೆಮನೆ ಕೆಳಗೆ, ನಡುವೆ ಒಂದೇ ಬಾಗಿಲು. ಅದಕ್ಕೆ ಕದವೂ ಇಲ್ಲ, ಚಿಲಕವೂ ಇಲ್ಲ. ಆದರೂ ಎರಡು ದಿನ ಸುಮ್ಮನೆ ಬಿಟ್ಟರೆ ಗೋಡೆಯಾಗಿಬಿಡುತ್ತದೆ. ಕೈಯಿಂದ ತೆಗೆಯೋಣವೆಂದರೆ ಆಗುವುದಿಲ್ಲ, ಹಲ್ಲಿನಿಂದಲೇ ತೆಗೆಯಬೇಕು. ಏನದು ಹೇಳಿ ನೋಡೋಣ.

ಗೊತ್ತಾಗಲಿಲ್ಲವಾ? ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ಹೇಳಿಕೊಟ್ಟ ಮೇಲೂ ನನ್ನ ತಲೆಗೆ ಅದು ಹತ್ತಲು ಎರಡು ದಿನ ಬೇಕಾಯಿತು. ನಿಮ್ಮದು ಅಷ್ಟು ಗಟ್ಟಿ ತಲೆ ಆಗಿರಲಾರದು. ಕತೆ ಕೇಳಿ.

ಭೂಮಿಯ ತೀರಾ ಕೆಳತುದಿಯಲ್ಲಿ, ಸಮುದ್ರವೇ ಹೆಪ್ಪುಗಟ್ಟಿ ಬಯಲಾಗುವ ಕಡೆ, ಸೀಲ್‌ಗಳ ಒಂದು ಕೇರಿ ಇತ್ತು. ಮಲಗುವುದು, ಆಕಳಿಸುವುದು, ಹರಟುವುದು ಎಲ್ಲ ಮಂಜುಗಡ್ಡೆಯ ಮೇಲೆ. ಊಟ ಮಾತ್ರ ಕೆಳಗಿನ ನೀರಿನಲ್ಲಿ. ಬೆಳ್ಳಿ ಬಣ್ಣದ ಸಣ್ಣ ಮೀನು, ಸಿಗಡಿ, ಮೆತ್ತನೆ ಮೈಯ ಬೊಂಡಾಸ, ಅದೃಷ್ಟವಿದ್ದ ದಿನ ಆಳದ ದೊಡ್ಡ ಹಲ್ಲುಮೀನು. ಇಳಿಯಲು ಮತ್ತು ಉಸಿರಿಗೆ ಮೇಲೆ ಬರಲು ಪ್ರತಿಯೊಬ್ಬರಿಗೂ ಮಂಜಿನಲ್ಲಿ ಒಂದೊಂದು ಕಿಂಡಿ. ಆ ಚಳಿಗೆ ಕಿಂಡಿ ಬೇಗ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ಎದ್ದ ಕೂಡಲೇ ಎಲ್ಲರೂ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ ಹಲ್ಲಿನಿಂದ ಅಂಚು ಕೆರೆಯುತ್ತಿದ್ದರು. ಮೊದಲು ಕಿಂಡಿ, ಆಮೇಲೆ ಮೀನು. ಇದು ಕೇರಿಯ ಕಟ್ಟಳೆ.

ಈ ಕಟ್ಟಳೆ ಡೊಳ್ಳಣ್ಣನಿಗೆ ಒಗ್ಗಲಿಲ್ಲ.

ಡೊಳ್ಳಣ್ಣ ಆಗತಾನೇ ಬೆಳೆದ ಹುಡುಗ ಸೀಲ್. ಹೊಟ್ಟೆ ಡೊಳ್ಳು, ಮೀಸೆ ಉದ್ದ, ಹಲ್ಲು ಫಳಫಳ. ಆ ಹಲ್ಲಿನ ಮೇಲೆ ಅವನಿಗೆ ಎಲ್ಲಿಲ್ಲದ ಮೋಹ. ನಿಂತ ನೀರು ಕಂಡಲ್ಲೆಲ್ಲ ತುಟಿ ಎತ್ತಿ ನೋಡಿಕೊಳ್ಳುತ್ತಿದ್ದ. ತನ್ನ ಕಿಂಡಿ ಕೆರೆಯದೆ ಬಿಟ್ಟಿದ್ದರಿಂದ ಅದು ಯಾವತ್ತೋ ಮುಚ್ಚಿಹೋಗಿತ್ತು. ಇಳಿಯುವುದು ಒಬ್ಬರ ಕಿಂಡಿಯಲ್ಲಿ, ಉಸಿರಿಗೆ ಬರುವುದು ಇನ್ನೊಬ್ಬರ ಕಿಂಡಿಯಲ್ಲಿ. ಹೆಚ್ಚಾಗಿ ಬೊಚ್ಚಜ್ಜಿಯ ಕಿಂಡಿಯಲ್ಲಿ.

ಬೊಚ್ಚಜ್ಜಿ ಕೇರಿಗೆಲ್ಲ ಹಿರಿಯಳು. ವರ್ಷಗಟ್ಟಲೆ ಮಂಜು ಕೆರೆದು ಅವಳ ಹಲ್ಲುಗಳು ಸವೆದು ಮೊಂಡಾಗಿದ್ದವು. ದೊಡ್ಡ ಮೀನು ಹಿಡಿದರೆ ಜಾರುತ್ತಿತ್ತು. ಸಣ್ಣದನ್ನು ಹಾಗೇ ನುಂಗುತ್ತಿದ್ದಳು. ಒಂದು ದಿನ ಅವಳು ಕೇಳಿದಳು, "ಡೊಳ್ಳಾ, ನಿನ್ನ ಕಿಂಡಿ ಏನಾಯ್ತೋ?"

"ಈ ಹಲ್ಲು ನೋಡಜ್ಜಿ. ಮಂಜು ಕೆರೆಯೋಕೆ ಅಂತ ಹುಟ್ಟಿದ ಹಲ್ಲಾ ಇದು?"

"ನನ್ನವೂ ಹಾಗೇ ಅಂದುಕೊಂಡೇ ಹುಟ್ಟಿದ್ದವು ಮಗಾ," ಎಂದು ಅಜ್ಜಿ ಬಾಯಿ ತೆರೆದು ತೋರಿಸಿದಳು. ಡೊಳ್ಳಣ್ಣ ಕಣ್ಣು ಮುಚ್ಚಿಕೊಂಡ.

ಅವನ ಇನ್ನೊಂದು ವಿದ್ಯೆ ಕುಚೇಷ್ಟೆ. ಮಂಜಿನ ಅಡಿಯ ಬಿರುಕುಗಳಲ್ಲಿ ಸಣ್ಣ ಮೀನುಗಳು ಅವಿತಿರುತ್ತವೆ. ಸೀಲ್ ಅಲ್ಲಿಗೆ ಮೂತಿ ಇಟ್ಟು ಬುಳುಬುಳು ಗುಳ್ಳೆ ಊದಿದರೆ ಅವು ಗಾಬರಿಯಾಗಿ ಹೊರಗೆ ಬಂದುಬಿಡುತ್ತವೆ. ಇದನ್ನು ಅವನಿಗೆ ಕಲಿಸಿದವಳೇ ಬೊಚ್ಚಜ್ಜಿ. ಅವನು ಮೀನೇ ಇಲ್ಲದ ಕಡೆ, ಅವಳ ಕಿಂಡಿಯ ಕೆಳಗೇ ಗುಳ್ಳೆ ಊದುತ್ತಿದ್ದ. ಮೀನು ಎದ್ದವು ಎಂದುಕೊಂಡು ಅಜ್ಜಿ ಬಾಯಿ ತೆರೆದು ತಲೆ ಮುಳುಗಿಸಿದರೆ, ಎದುರಿಗೆ ಡೊಳ್ಳಣ್ಣನ ಹಲ್ಲುಕಿರಿದ ಮುಖ. "ಊಟ ಆಯ್ತಾ ಅಜ್ಜಿ?" ಎಂದು ಕೇಳಿ ಅವನು ಪರಾರಿ. ಹೀಗೆ ಅಜ್ಜಿ ಹನ್ನೊಂದು ಸಲ ಬೇಸ್ತು ಬಿದ್ದಿದ್ದಳು. ಲೆಕ್ಕ ಇಟ್ಟು ಪ್ರತಿ ಸಲ ಕೂಗಿ ಹೇಳುತ್ತಿದ್ದವನು ಅವನೇ. ಹತ್ತರ ಮೇಲೆ ಎಣಿಸಲು ಕಲಿತದ್ದೇ ಅದಕ್ಕೋಸ್ಕರ ಎನ್ನಬಹುದು.

ಬೇಸಿಗೆ ಮುಗಿಯುತ್ತ ಬಂತು. ಗಾಳಿಗೆ ಚಳಿ ಏರಿತು. ಮೂಡಣದಲ್ಲಿ ಮಂಜು ದೊಡ್ಡದಾಗಿ ಬಿರಿದಿದೆ, ಅಲ್ಲಿ ಬೆಳ್ಳಿಮೀನು ರಾಶಿರಾಶಿ ಬಂದಿದೆ ಎಂಬ ಸುದ್ದಿ ಹಬ್ಬಿ, ಕೇರಿಗೆ ಕೇರಿಯೇ ಹೊರಟಿತು. ಅಷ್ಟು ದೂರ ತೆವಳಲು ಬೊಚ್ಚಜ್ಜಿಗೆ ಶಕ್ತಿ ಇರಲಿಲ್ಲ. ಅವಳ ಕಿಂಡಿಯೋ, ಮೊಂಡು ಹಲ್ಲಿಗೆ ಬಗ್ಗದೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಯಾರು ಉಳಿಯುತ್ತೀರಿ ಎಂದು ಕೇರಿಯ ಆಚೆ ತುದಿಯ ಕಡ್ಡಿಮೀಸೆ ಕೇಳಿದಾಗ ಡೊಳ್ಳಣ್ಣ ಎದೆಯುಬ್ಬಿಸಿದ. ಅಜ್ಜಿಯ ಕಿಂಡಿ ಕೆರೆಯುವ ಕೆಲಸ ತನ್ನದು, ಇಷ್ಟು ಚಂದದ ಹಲ್ಲು ಬೇರೆ ಯಾರಿಗಿದೆ ಎಂದ. ಅಷ್ಟು ದೂರ ತೆವಳುವ ಕಷ್ಟ ತಪ್ಪಿತಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೊದಲ ದಿನ ಅಜ್ಜಿ ಕೆರೆ ಎಂದಳು. "ನಾಳೆ," ಎಂದ. ಎರಡನೆಯ ದಿನ ಕಿಂಡಿಯಲ್ಲಿ ಅವಳ ತಲೆ ಮಾತ್ರ ತೂರುತ್ತಿತ್ತು. "ನಾಳೆ ಖಂಡಿತ," ಎಂದ. ಮೂರನೆಯ ದಿನ ಕಿಂಡಿಯೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಗಾಜಿನಂಥ ಮಂಜು. ಅಜ್ಜಿ ಅದರ ಪಕ್ಕದಲ್ಲೇ ಹಸಿದ ಹೊಟ್ಟೆ ಒತ್ತಿಕೊಂಡು ಮಲಗಿದ್ದಳು. ಬಯ್ಯಲೂ ಇಲ್ಲ.

ಬೈದಿದ್ದರೆ ಡೊಳ್ಳಣ್ಣ ನಕ್ಕುಬಿಡುತ್ತಿದ್ದ. ಬಯ್ಯದಿದ್ದದ್ದು ಕಷ್ಟವಾಯಿತು. ಆಗಲಾದರೂ ಹಲ್ಲು ಹಾಕಬಹುದಿತ್ತು. ಅವನ ಬುದ್ಧಿ ಹಾಗೆ ಓಡಲಿಲ್ಲ. ಒಂದು ದೊಡ್ಡ ಹಲ್ಲುಮೀನು ತಂದು ಅಜ್ಜಿಯ ಮುಂದೆ ಕೆಡವಿದರೆ ಕಿಂಡಿಯ ಮಾತೇ ಮರೆತುಹೋಗುತ್ತದೆ ಎಂದುಕೊಂಡ. ಕಡ್ಡಿಮೀಸೆ ಹೊರಡುವಾಗ ಚೆನ್ನಾಗಿ ಕೆರೆದುಹೋಗಿದ್ದ ಕಿಂಡಿಯ ಮೇಲೆ ಕಟ್ಟಿದ್ದ ತೆಳು ಪದರವನ್ನು ತಲೆಯಿಂದ ಗುದ್ದಿ ಒಡೆದು, ಕೆಳಗಿಳಿದ.

ಇಳಿದ, ಇಳಿದ. ಬೆಳಕು ನೀಲಿಯಾಯಿತು, ನೀಲಿ ಕಪ್ಪಾಯಿತು. ಕಣ್ಣು ಕಾಣದಲ್ಲಿ ಮೀಸೆಯೇ ದಾರಿ. ನೀರಿನ ಒಂದು ಅದುರಾಟ ಮೀಸೆಗೆ ತಗುಲಿತು. ಎದುರಿಗೆ ಹಲ್ಲುಮೀನು, ಅವನ ಅರ್ಧದಷ್ಟು ಉದ್ದ. ಡೊಳ್ಳಣ್ಣ ಬೆನ್ನಟ್ಟಿದ. ಅದು ಓಡಿತು, ತಿರುಗಿತು, ಇವನನ್ನು ಎಳೆದಾಡಿತು. ಕೊನೆಗೆ ಅದರ ಕತ್ತು ಅವನ ಬಾಯಲ್ಲಿತ್ತು. ಕೇರಿಯವರೆಲ್ಲ ಇದನ್ನು ನೋಡಬೇಕಿತ್ತು ಅನ್ನಿಸಿತು. ಉಸಿರು ಮುಗಿಯುತ್ತ ಬಂದಿದೆ ಎಂಬುದು ಅನ್ನಿಸಿದ್ದು ಆಮೇಲೆ.

ಕಡ್ಡಿಮೀಸೆಯ ಕಿಂಡಿ ಎಲ್ಲೋ ದೂರ ಉಳಿದಿತ್ತು. ನೇರ ಮೇಲೆ ಇದ್ದದ್ದು ಪರಿಚಯದ ಜಾಗ, ಕಣ್ಣು ಮುಚ್ಚಿಕೊಂಡು ಬರಬಲ್ಲ ಜಾಗ. ಕಣ್ಣು ಮುಚ್ಚಿಕೊಂಡೇ ಬಂದ. ತಲೆ ಠಣ್ಣೆಂದು ಬಡಿಯಿತು.

ಬೊಚ್ಚಜ್ಜಿಯ ಕಿಂಡಿ. ಅವನು ನಾಳೆ ಎಂದಿದ್ದ ಕಿಂಡಿ.

ಮಂಜಿನಾಚೆ ಅಜ್ಜಿಯ ಮೈ ಕಪ್ಪಗೆ ಕಾಣುತ್ತಿತ್ತು. ಕೂಗೋಣವೆಂದರೆ ಬಾಯಲ್ಲಿ ಮೀನು. ಮೂಗಿನಿಂದ ಗುಳ್ಳೆ ಊದಿದ. ಗುಳ್ಳೆಗಳು ಮಂಜಿನಡಿ ಬಿಳಿ ಬಟ್ಟಲುಗಳಂತೆ ಹರಡಿದವು. ಅಜ್ಜಿ ತಲೆ ಎತ್ತಿದಳು, ನೋಡಿದಳು, ಮತ್ತೆ ಮಲಗಿದಳು. ಇನ್ನೊಮ್ಮೆ ಊದಿದ. ಅಜ್ಜಿ ಮಗ್ಗುಲು ಬದಲಿಸಿ ಬೆನ್ನು ತೋರಿಸಿದಳು. ಮೂರನೆಯ ಸಲ ಊದಿದಾಗ ಒಳಗೆ ಇನ್ನು ಊದುವುದಕ್ಕೆ ಏನೂ ಉಳಿಯಲಿಲ್ಲ. ಹನ್ನೊಂದು ಸಲ ಎಷ್ಟು ಚೆನ್ನಾಗಿ ಬೇಸ್ತು ಬೀಳಿಸಿದ್ದನೆಂದು ಅವನಿಗೆ ಆಗ ತಿಳಿಯಿತು.

ಇರುವುದು ಒಂದೇ ಬಾಯಿ. ಮೀನು ಹಿಡಿದಿರಬೇಕು, ಇಲ್ಲವೇ ಮಂಜು ಕಚ್ಚಬೇಕು. ಡೊಳ್ಳಣ್ಣ ಬಾಯಿ ತೆರೆದ. ಮೀನು ಕತ್ತಲೆಗೆ ಜಾರಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅವನು ಹಲ್ಲನ್ನು ಮಂಜಿಗೆ ಊರಿ ಕೆರೆದ. ಕರ್, ಕರ್. ಮುಂದಿನ ಹಲ್ಲು ಲಟಕ್ಕೆಂದಿತು. ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ. ಮತ್ತೆ ಕೆರೆದ. ಕಣ್ಣು ಮಂಜಾಗತೊಡಗಿತು. ತಲೆ ಆಡಿಸುವುದು ನಿಧಾನವಾಯಿತು.

ಆಗ ಮೇಲಿನಿಂದ ಇನ್ನೊಂದು ಸದ್ದು. ಮೊಂಡು ಮೊಂಡಾದ, ಮೆತ್ತಗಿನ, ಬಿಡದ ಸದ್ದು. ಮಂಜಿನ ಪುಡಿ ಮೂಗಿನ ಮೇಲೆ ಉದುರಿತು. ಒಂದು ಬೆರಳಿನಷ್ಟು ತೂತು ಬಿತ್ತು. ಡೊಳ್ಳಣ್ಣ ಅದಕ್ಕೆ ಮೂಗು ಒತ್ತಿ ಉಸಿರೆಳೆದ.

ಇಬ್ಬರೂ ಕೆರೆದು ತೂತು ಅವನ ತಲೆ ತೂರುವಷ್ಟಾದ ಮೇಲೆ ಅಜ್ಜಿ ಕೇಳಿದಳು, "ಹನ್ನೆರಡನೇ ಸಲಾನಾ ಇದು?"

"ಅಲ್ಲಜ್ಜಿ," ಎಂದ. ಮುರಿದ ಹಲ್ಲಿನ ಸಂದಿನಿಂದ ಮಾತು ಸಿಳ್ಳೆ ಹೊಡೆಯಿತು. "ನಿಂಗೆ ಹೇಗೆ ಗೊತ್ತಾಯ್ತು?"

"ಮೂರಕ್ಕೆ ನಿಲ್ಲಿಸೋ ಹುಡುಗನಲ್ಲ ನೀನು. ಆಮೇಲೆ ಕೆರೆಯೋ ಸದ್ದು ಬಂತು. ನೀನು ಕೆರೀತೀಯಾ ಅಂದ್ರೆ ಜೀವಕ್ಕೇ ಬಂದಿರಬೇಕು ಅಂದ್ಕೊಂಡೆ." ಅಜ್ಜಿಯ ಒಸಡಿನಿಂದ ರಕ್ತ ಒಸರುತ್ತಿತ್ತು. "ಈಗ ಅಂಚು ಅಗಲ ಮಾಡು. ನಂಗೆ ಹಸಿವು."

ಡೊಳ್ಳಣ್ಣ ಅಜ್ಜಿಯ ಮೈ ತೂರುವಷ್ಟು ಅಗಲ ಮಾಡಿದ. ಇಬ್ಬರೂ ಇಳಿದರು. ಅವನು ಒಂದು ಬಿರುಕಿಗೆ ಮೂತಿ ಇಟ್ಟು ಬುಳುಬುಳು ಊದಿ, ಪಕ್ಕಕ್ಕೆ ಸರಿದು ನಿಂತ. ಅಜ್ಜಿ ಅವನ ಮುಖ ನೋಡಿದಳು. ಬಿರುಕು ನೋಡಿದಳು. ಹನ್ನೊಂದು ಸಲದ ನೆನಪು ಅವಳಿಗೂ ಇತ್ತಲ್ಲ. ಆದರೂ ಬಾಯಿ ತೆರೆದಳು.

ಬಾಯಿ ತುಂಬ ಬೆಳ್ಳಿಮೀನು.

ಇಲ್ಲೊಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಗೊತ್ತಿದ್ದ ಕತೆ ಡೊಳ್ಳಣ್ಣನ ಕಣ್ಣು ಮಂಜಾದಲ್ಲಿಗೆ ಮುಗಿಯುತ್ತದೆ. ಮುಂದಿನದೆಲ್ಲ ನಾನೇ ಕಟ್ಟಿದ್ದು. ಅಜ್ಜಿ ನಿಜವಾಗಿ ಮತ್ತೆ ಅವನ ಕಡೆ ಹೊರಳಿದಳೋ ಇಲ್ಲವೋ ಯಾರಿಗೆ ಗೊತ್ತು. ನಾಳೆ ನಾಳೆ ಎಂದವರನ್ನೆಲ್ಲ ಮಂಜಿನ ಕೆಳಗೇ ಬಿಡುವುದಾದರೆ, ಮೊದಲು ಅಲ್ಲಿರಬೇಕಾದವನು ನಾನು. ಅದಕ್ಕೇ ಅಜ್ಜಿಯನ್ನು ಎಬ್ಬಿಸಿದೆ.

ನೀತಿ: ಯಾರ ಬಾಗಿಲಿನಿಂದ ಉಸಿರಾಡುತ್ತೀಯೋ, ಆ ಬಾಗಿಲು ಕೆರೆಯುವ ಕೆಲಸವನ್ನು ನಾಳೆಗೆ ಇಡಬೇಡ.