ಕ್ವಾರಿಯ ಆಚೆ ಬಿದ್ದ ಚೆಂಡು

"ಗುರುಗಳೇ, ದೂರ ಹೋಗುವ ಡ್ರೈವರ್ ಕೊಳ್ಳಲೋ, ನೇರ ಹೋಗುವುದನ್ನು ಕೊಳ್ಳಲೋ?"

ಯತೀಶ ಹೀಗೆ ಕೇಳಿದಾಗ ಸಂಜೆಯಾಗಿತ್ತು. ಅವನ ಎರಡು ಕೈಯಲ್ಲೂ ಒಂದೊಂದು ಹೊಸ ಗಾಲ್ಫ್ ಕೋಲು. ಎರಡೂ ಡ್ರೈವರ್‌ಗಳೇ, ಆಟದ ಮೊದಲ ದೊಡ್ಡ ಹೊಡೆತಕ್ಕೆ ಬಳಸುವಂಥವು. ಆಡಿ ನೋಡಿ ಒಂದನ್ನು ಆರಿಸಿಕೊಳ್ಳಲಿ ಎಂದು ಅಂಗಡಿಯವನು ಕೊಟ್ಟು ಕಳಿಸಿದ್ದ. ಜೊತೆಗೆ ಆಡಲು ಬಂದಿದ್ದ ವಯಸ್ಸಾದ ತಂದೆಯನ್ನು ಯತೀಶ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂರಿಸಿ, "ಅಪ್ಪಾ, ಇಲ್ಲೇ ಇರಿ, ಬಂದೆ" ಎಂದು ಹೇಳಿ ಕೂಗಳತೆಯಲ್ಲೇ ನಿಂತಿದ್ದ ಗುರುಗಳ ಬಳಿಗೆ ಓಡಿಬಂದಿದ್ದ.

ದೊರೆಸ್ವಾಮಿ ಗುರುಗಳು ಆ ಊರಿನಲ್ಲಿ ಬಹಳ ಕಾಲದಿಂದ ಗಾಲ್ಫ್ ಕಲಿಸುತ್ತಿದ್ದವರು. ಸಿಡುಕು ಸ್ವಭಾವ. "ಪಾಠ ಕೇಳಲು ಬಂದೆಯೋ, ಅಂಗಡಿ ತೋರಿಸಲು ಬಂದೆಯೋ?" ಎಂದರು.

"ಅಂಗಡಿಯಲ್ಲಿ ಈ ದೂರದ್ದರಲ್ಲಿ ಒಂದು ಹೊಡೆತ ಹೋಯಿತು ನೋಡಿ ಗುರುಗಳೇ, ಏನು ದೂರ ಅಂತೀರಿ!"

"ಉಳಿದವು?"

"ಉಳಿದವು ಅಭ್ಯಾಸವಾದರೆ ಸರಿಹೋಗುತ್ತವೆ."

"ಹೂಂ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ." ಗುರುಗಳು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಅವನನ್ನು ಸಾಕಿದವರು ಅಕ್ಕ ಮತ್ತು ಭಾವ. ಗಾಲ್ಫ್ ಕೋಲು ಹಿಡಿಯುವುದನ್ನು ಕಲಿಸಿದವನೂ ಭಾವನೇ. ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆ ಭಾವನ ಕಣ್ಣು ತಿಂದಿತು. ಕಾಲ ಬಳಿಯ ಚೆಂಡು ಮಸುಕಾಗಿ ಬೆಳ್ಳಗೆ ಕಾಣುತ್ತಿತ್ತು, ಅದರಾಚೆ ಏನೂ ಇಲ್ಲ. ಆದರೂ ಆಟದ ಹುಚ್ಚು ಬಿಡಲಿಲ್ಲ. ಭಾವ ಹೊಡೆಯುವುದು, ವ್ಯಾಪಾರಿ "ಹುಣಸೆಮರದ ಹತ್ತಿರ ಬಿತ್ತು ಭಾವ" ಎನ್ನುವುದು, ಭಾವ ಅವನ ಭುಜದ ಮೇಲೆ ಕೈಯಿಟ್ಟು ನಡೆಯುವುದು. ಸಂಜೆಯ ಆ ಸ್ವಲ್ಪ ಹೊತ್ತಿಗಾಗಿ ಭಾವ ಬೆಳಗಿನಿಂದ ಕಾಯುತ್ತಿದ್ದ.

ಹೊರಡುವಾಗ ಅಕ್ಕ ಬಾಗಿಲಿಗೆ ಬರುತ್ತಿದ್ದಳು. "ಅವರ ಕೈ ಬಿಡಬೇಡ ಕಣೋ" ಎನ್ನುತ್ತಿದ್ದಳು. ಮೈದಾನದ ಬಲಕ್ಕೆ ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ ಇತ್ತು. ಆಳದ ಗುಂಡಿ, ತುಂಬ ನೀರು. ಅಕ್ಕನಿಗೆ ಅದರದ್ದೇ ಭಯ. "ನನಗೆ ಗೊತ್ತಿಲ್ಲವೇನಕ್ಕಾ" ಎಂದು ವ್ಯಾಪಾರಿ ನಗುತ್ತಿದ್ದ. ಚೀಲ ಹೊರುವ ಆಳುಗಳಿರುವಂಥ ದೊಡ್ಡ ಮೈದಾನವಲ್ಲ ಅದು. ಇವರಿಬ್ಬರೇ. ವ್ಯಾಪಾರಿಯ ಚೆಂಡು ಆಗ ಬಹಳ ದೂರ ಹೋಗುತ್ತಿರಲಿಲ್ಲ. ಹುಲ್ಲಿನ ನಡುವೆ, ಭಾವನ ಚೆಂಡಿನ ಆಸುಪಾಸಿನಲ್ಲೇ ಬೀಳುತ್ತಿತ್ತು. ಹಾಗಾಗಿ ಕೈ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗಿರುವಾಗ ಕೆಲವರು ಹೊಸಬರು ಆಡಲು ಬಂದರು. ಅವರ ಚೆಂಡು ವ್ಯಾಪಾರಿಯ ಚೆಂಡನ್ನು ದಾಟಿ ಹೋಗುತ್ತಿತ್ತು. ನೋಡಿದವರು "ಅಬ್ಬಾ!" ಎನ್ನುತ್ತಿದ್ದರು. ಆ "ಅಬ್ಬಾ" ಇವನ ಹೊಟ್ಟೆಗೆ ಕಿಚ್ಚಿಟ್ಟಿತು. ನಗಬೇಡ, ನಿನ್ನ ಹೊಟ್ಟೆಯಲ್ಲಿ ಇರುವುದೂ ಅದೇ. ಅವನು ಭಾವನನ್ನೂ ಕರೆದುಕೊಂಡು ಹೊಸ ಡ್ರೈವರ್ ಕೊಳ್ಳಲು ಹೊರಟ.

ಅಂಗಡಿಯಲ್ಲಿ ಬಲೆ ಕಟ್ಟಿ ಒಂದು ಯಂತ್ರ ಇಟ್ಟಿದ್ದರು. ಚೆಂಡು ಎಷ್ಟು ದೂರ ಹೋದೀತು, ಎತ್ತ ತಿರುಗೀತು ಎಂದು ಅದು ಹೇಳುತ್ತಿತ್ತು. ಒಂದು ಡ್ರೈವರಿನಲ್ಲಿ ಹೊಡೆದ. ಎಲ್ಲವೂ ಸಾಧಾರಣ ದೂರ, ಎಲ್ಲವೂ ನಡುವೆಯೇ. ಇನ್ನೊಂದರಲ್ಲಿ ಹೊಡೆದ. ಬಹಳಷ್ಟು ಬಲಕ್ಕೆ ತಿರುಗಿಕೊಂಡವು. ಒಂದು ಮಾತ್ರ ಅವನು ಹುಟ್ಟಿದ ಮೇಲೆ ಹೊಡೆಯದಷ್ಟು ದೂರ ಹೋಯಿತು. ಅಂಗಡಿಯವನೂ "ಅಬ್ಬಾ!" ಎಂದ. ಎಲ್ಲರೂ ಎಡವುವುದು ಇಲ್ಲೇ ನೋಡು. ಆ ಒಂದು ಚೆಂಡು ಅವನ ತಲೆಯಲ್ಲಿ ಕೂತಿತು, ಉಳಿದವು ಮರೆತೇಹೋದವು.

"ಮೊದಲನೇದನ್ನೇ ತಗೋ. ಅದಾದರೆ ನನ್ನ ಹತ್ತಿರವೇ ಬೀಳುತ್ತೆ" ಎಂದ ಭಾವ.

"ನಿಮ್ಮ ಹತ್ತಿರ ಬೀಳೋದಕ್ಕೆ ಹೊಸ ಕೋಲು ಯಾಕೆ ಭಾವ?" ಎಂದ ವ್ಯಾಪಾರಿ. ಭಾವನೂ ನಕ್ಕ. ಭಾವ ಹೇಳಿದ್ದು ತಮಾಷೆಗೆ ಎಂದು ವ್ಯಾಪಾರಿ ತಿಳಿದುಕೊಂಡ.

ದೂರದ ಡ್ರೈವರ್ ಮನೆಗೆ ಬಂತು. ಒಮ್ಮೊಮ್ಮೆ ಚೆಂಡು ಬಹಳ ದೂರ ಹೋಗುತ್ತಿತ್ತು, ಜನ "ಅಬ್ಬಾ" ಎನ್ನುತ್ತಿದ್ದರು. ಮಿಕ್ಕ ಹೊತ್ತು ಅದು ಪೊದೆಗೆ ಬೀಳುತ್ತಿತ್ತು. ಕಣ್ಣು ಕಾಣದವನನ್ನು ಕರೆದುಕೊಂಡು ಮುಳ್ಳುಪೊದೆಯಲ್ಲಿ ಸುತ್ತುವುದು ಹೇಗೆ? ದಾರಿಯ ಪಕ್ಕದ ಬಂಡೆಯ ಮೇಲೆ ಭಾವನನ್ನು ಕೂರಿಸಿ, "ಇಲ್ಲೇ ಇರಿ ಭಾವ, ಬಂದೆ" ಎಂದು ಹೇಳಿ ಹುಡುಕಲು ಹೋಗುತ್ತಿದ್ದ. ಮೊದಮೊದಲು ಬೇಗ ಬರುತ್ತಿದ್ದ. ಬರಬರುತ್ತಾ ತಡವಾಯಿತು. ಭಾವ ಒಂದು ಮಾತೂ ಆಡಲಿಲ್ಲ. ಪಾಪ, ಆಡಿದರೆ ಎಲ್ಲಿ ಕರೆದುಕೊಂಡು ಬರುವುದನ್ನೇ ಬಿಟ್ಟಾನೋ ಎಂಬ ಅಂಜಿಕೆ. ಕತ್ತಲಾದ ಮೇಲೆ ಮನೆ ಸೇರಿದಾಗಲೆಲ್ಲ ಅಕ್ಕ ವ್ಯಾಪಾರಿಯನ್ನು "ಚೆಂಡು ಸಿಕ್ತೇನೋ?" ಎಂದು ಕೇಳುತ್ತಿದ್ದಳು. ಅವಳಿಗೆ ಅದೊಂದು ತಮಾಷೆ ಆಗಿಹೋಗಿತ್ತು.

ಒಂದು ಸಂಜೆ ಮೋಡ ಕವಿದಿತ್ತು. ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ವ್ಯಾಪಾರಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದ. ಅಷ್ಟು ದೊಡ್ಡ ಹೊಡೆತ ಅವನಿಂದ ಹಿಂದೆಂದೂ ಬಂದಿರಲಿಲ್ಲ. ಆದರೆ ಚೆಂಡು ಬಲಕ್ಕೆ ತಿರುಗಿತು, ಕ್ವಾರಿಯನ್ನು ಹಾರಿತು, ಆಚೆ ದಡದ ಪೊದೆಯಲ್ಲಿ ಬಿತ್ತು. ಅವನು ಭಾವನನ್ನು ಬಂಡೆಯ ಮೇಲೆ ಕೂರಿಸಿ, "ಬಂದೆ" ಎಂದು ಹೇಳಿ, ಗುಂಡಿಯನ್ನು ಬಳಸಿಕೊಂಡು ಆಚೆಗೆ ಹೋದ. ಹುಡುಕಿದ. ಸಿಗಲಿಲ್ಲ. ಒಂದು ಚೆಂಡು ತಾನೇ, ಬಿಟ್ಟು ಬರಬಹುದಿತ್ತು. ಬರಲಿಲ್ಲ. ಎಷ್ಟು ದೂರ ಬಂದಿದೆ ಎಂದು ಭಾವನಿಗೆ ಹೇಳಬೇಕೆಂಬ ಆಸೆ. ಬೆಳಕು ಇನ್ನೇನು ಹೋಗಬೇಕು ಎನ್ನುವಾಗ ಚೆಂಡು ಕೈಗೆ ಬಂತು.

ಅವನು ಮಗುವಿನ ಹಾಗೆ ಕೂಗಿದ: "ಭಾವಾ, ಸಿಕ್ತು! ಇಲ್ಲಿದೆ, ಇಲ್ಲಿದೆ!"

ಕಾದು ಕಾದು ಸಾಕಾಗಿದ್ದ ಭಾವ ಆ ಕೂಗು ಕೇಳಿ ಎದ್ದ. ದಾರಿ ಯಾವ ಕಡೆ, ಗುಂಡಿ ಯಾವ ಕಡೆ ಎಂದು ಅವನಿಗೆ ಯಾರು ಹೇಳಬೇಕು? ಅವನಿಗೆ ಗೊತ್ತಿದ್ದದ್ದು ತಾನು ಸಾಕಿದ ಹುಡುಗನ ದನಿ ಒಂದೇ. ಆ ದನಿ ಬಂದ ಕಡೆಗೆ ನೆಟ್ಟಗೆ ನಡೆದ. ನಡುವೆ ಕ್ವಾರಿ ಇತ್ತು. "ನಿಲ್ಲಿ ಭಾವ, ನಿಲ್ಲಿ!" ಎಂದು ವ್ಯಾಪಾರಿ ಆಚೆ ದಡದಿಂದ ಕಿರುಚಿದಾಗ ತಡವಾಗಿತ್ತು.

ಊರಿನವರು ಹಗ್ಗ ತಂದು ಇಳಿದರು. ಮೇಲೆ ತಂದಾಗ ಉಸಿರು ಇರಲಿಲ್ಲ. ಅಕ್ಕನಿಗೆ ತಿಳಿಸಲು ಯಾರಿಗೂ ಧೈರ್ಯ ಬರಲಿಲ್ಲ; ವ್ಯಾಪಾರಿಯೇ ಹೋದ. ಅಕ್ಕ ಬಾಗಿಲಲ್ಲೇ ಇದ್ದಳು. ಭಾವ ಹಿಂದೆ ಬರುತ್ತಿದ್ದಾನೆ ಎಂದುಕೊಂಡಿರಬೇಕು. ತಮ್ಮನ ಮುಚ್ಚಿದ ಮುಷ್ಟಿ ನೋಡಿ ದಿನದ ಹಾಗೆ ನಗುತ್ತಾ ಕೇಳಿದಳು.

"ಚೆಂಡು ಸಿಕ್ತೇನೋ?"

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಯತೀಶ ಎರಡೂ ಕೋಲುಗಳನ್ನು ಯಾವಾಗಲೋ ನೆಲದ ಮೇಲೆ ಇಟ್ಟುಬಿಟ್ಟಿದ್ದ. ಮೆಲ್ಲಗೆ ಕೇಳಿದ: "ಹಾಗಾದರೆ ನೇರ ಹೋಗುವುದನ್ನೇ ಕೊಳ್ಳಲೇ, ಗುರುಗಳೇ?"

"ನನ್ನನ್ನೇನು ಕೇಳುತ್ತೀಯ? 'ಬಂದೆ' ಎಂದು ಹೇಳಿ ಅಲ್ಲಿ ಕೂರಿಸಿ ಬಂದಿದ್ದೀಯಲ್ಲ, ಅವರನ್ನು ಕೇಳು."

ಯತೀಶ ಕೋಲುಗಳನ್ನು ಅಲ್ಲೇ ಬಿಟ್ಟು ಕಲ್ಲುಬೆಂಚಿನ ಕಡೆಗೆ ಓಡಿದ.