ಕಲ್ಲಂಗಡಿ ಬಳ್ಳಿ ಬೆರಳು ಬಿಟ್ಟದ್ದು

ಲೋಕ ಇನ್ನೂ ಹಸಿಗೂಸಾಗಿದ್ದ ಕಾಲ. ಹೊಳೆಗೆ ತನ್ನ ದಾರಿ ಗೊತ್ತಿರಲಿಲ್ಲ. ಗಾಳಿಯನ್ನು ಕೇಳಿ ಕೇಳಿ ಹರಿಯುತ್ತಿತ್ತು. ಹಣ್ಣಾದರೆ ಹಳದಿಯಾಗಬೇಕೆಂದು ಮಾವು ಕಲಿತಿತ್ತು. ಬಾಳೆಯೂ ಕಲಿತಿತ್ತು. ಕಲ್ಲಂಗಡಿ ಮಾತ್ರ ಕಲಿತಿರಲಿಲ್ಲ. ಕಾಯಾಗಿದ್ದಾಗಲೂ ಹಸಿರು, ಹಣ್ಣಾದಾಗಲೂ ಹಸಿರು. ಒಳಗೆ ಹಣ್ಣಾಗಿದೆಯೋ ಇಲ್ಲವೋ ಎಂಬುದು ತಾಯಿಬಳ್ಳಿಗೆ ಬಿಟ್ಟರೆ ಇನ್ಯಾರಿಗೂ ತಿಳಿಯದು.

ಆ ಕಾಲದಲ್ಲಿ ಚೌಡ ಎಂಬವನೊಬ್ಬನಿದ್ದ. ಹರೆಯದವನು. ಸುತ್ತ ಏಳೂರಿಗೆ ತನ್ನಂಥ ಗಟ್ಟಿಗನಿಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳಲ್ಲ ಬಿಡಿ, ಗಟ್ಟಿಗನೇ. ನೇಗಿಲು ಹಿಡಿದರೆ ಎತ್ತುಗಳೇ ಸುಸ್ತಾಗಬೇಕು.

ಅವನನ್ನು ಸಾಕಿದವಳು ಅಜ್ಜಿ ಸಾಕವ್ವ. ಬಚ್ಚಲ ನೀರು ಹರಿಯುವ ಕಡೆ, ಹಿತ್ತಲಲ್ಲಿ ಅವಳೊಂದು ಗುಣಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಬೀಜ ಊರಿದ್ದಳು. ಬಳ್ಳಿ ಹಬ್ಬಿ ನಾಲ್ಕು ಕಾಯಿ ಬಿಟ್ಟಿತು. ಅಷ್ಟರಲ್ಲಿ ಅಜ್ಜಿ ಜ್ವರ ಹಿಡಿದು ಮಲಗಿದಳು. ಗಂಜಿ ಗಂಟಲಿಗಿಳಿಯಲಿಲ್ಲ. ನೀರೂ ಕಹಿ ಎಂದಳು.

"ಮಗಾ, ನನ್ನ ದಿನ ಮುಗೀತಾ ಬಂತು. ಆ ಬಳ್ಳೀದು ಒಂದು ಹೋಳು ಬಾಯಿಗೆ ಹಾಕು. ಕೆಂಪಗಿರೋದು."

"ಒಂದ್ಯಾಕಜ್ಜಿ? ನಾಲ್ಕೂ ತಿನ್ನುವಂತೆ. ಹಣ್ಣು ಗುರುತು ಹಿಡಿಯೋಕೆ ಚೌಡನಿಗೆ ಯಾರು ಹೇಳಿಕೊಡಬೇಕು?"

ಎಲ್ಲಕ್ಕಿಂತ ದೊಡ್ಡದನ್ನು ಕಿತ್ತ. ಕೊಯ್ದರೆ ಸೌತೆಕಾಯಿಯ ಹಾಗೆ ಬಿಳಿ. ಎಲ್ಲಕ್ಕಿಂತ ಹೊಳೆಯುವುದನ್ನು ಕಿತ್ತ. ಅದೂ ಬಿಳಿ.

ಬೇಲಿಯ ಮೇಲೆ ಕೂತಿದ್ದ ಅಳಿಲು ಕಿಚಗುಟ್ಟಿತು. "ಏನು ಚೌಡಣ್ಣ, ಇವತ್ತು ಮನೇಲಿ ಪಲ್ಯವಾ?"

ಚೌಡನಿಗೆ ರೋಷ ಬಂತು. "ನೋಡ್ತಿರು, ಬಾಲದವನೇ!" ಎಂದು ಮೂರನೆಯದನ್ನೂ ಕಿತ್ತು ಕಲ್ಲಿಗೆ ಕುಕ್ಕಿದ. ಬಿಳಿ. ಅಳಿಲು ನಗಲಿಲ್ಲ. ಮೆಲ್ಲಗೆ ಇಳಿದು ಹೋಯಿತು.

ಒಳಗಿನಿಂದ ಅಜ್ಜಿಯ ದನಿ ಬಂತು. "ಸಿಕ್ತಾ ಮಗಾ?"

ಚೌಡ ಬಳ್ಳಿಯ ಮುಂದೆ ಮೊಣಕಾಲೂರಿದ.

"ತಾಯೀ, ಉಳಿದದ್ದು ಒಂದೇ. ಅದು ಯಾವತ್ತು ಹಣ್ಣಾಗುತ್ತೆ, ಹೇಳು."

"ನನ್ನ ಮೂರು ಮಕ್ಕಳನ್ನು ಕಿತ್ತವನು ನೀನು," ಎಂದಿತು ಬಳ್ಳಿ. "ನಾಲ್ಕನೆಯದನ್ನು ಕೀಳುವ ದಿನವನ್ನು ನಾನೇ ಹೇಳಬೇಕೇ?"

ಚೌಡ ಒಡೆದ ಕಾಯಿಯಿಂದ ಬೀಜ ತೆಗೆದು ಅಂಗೈಯಲ್ಲಿ ಹಿಡಿದ. "ತಪ್ಪು ನಂದೇ. ಆದರೆ ನೀನು ಹೇಳದೇ ಹೋದರೆ ನನ್ನಂಥವರು ಕೀಳ್ತಾನೇ ಇರ್ತಾರೆ. ಈ ಬೀಜ ನೋಡು, ಬೆಳ್ಳಗಿದೆ. ಮೊಳೆಯೋದಿಲ್ಲ. ಬಲಿತ ಬೀಜ ಕೊಡು. ಒಂದನ್ನೂ ಬಿಡದೆ ಊರ್ತೀನಿ."

ಬಳ್ಳಿ ಆ ಬೀಜಗಳ ಕಡೆಗೆ ಎಲೆ ಬಾಗಿಸಿತು. ಆಮೇಲೆ ಹೇಳಿತು. "ಮಗುವಿನ ತೊಟ್ಟಿನ ಪಕ್ಕ ಸುರುಳಿ ಸುತ್ತಿದ ಕುಡಿಯೊಂದಿದೆ, ನೋಡು. ಅದು ನನ್ನ ಬೆರಳು. ಅದು ಹಸಿರಾಗಿದ್ದರೆ ಮಗುವಿಗೆ ಇನ್ನೂ ನಾನು ಬೇಕು. ಮಗು ಬಲಿತ ದಿನ ಆ ಬೆರಳನ್ನು ನಾನೇ ಒಣಗಿಸಿಕೊಳ್ಳುತ್ತೇನೆ. ಅಲ್ಲಿಯತನಕ ಮುಟ್ಟಬೇಡ."

"ನನ್ನ ಮಡಿಲಲ್ಲಿ ಮಲಗಿದ ಕೂಸು ಅದು," ಎಂದಳು ಬಳ್ಳಿಯ ಕೆಳಗಿನಿಂದ ಭೂಮಿತಾಯಿ. "ಕಳಿಸುವ ಮುಂಚೆ ಅದರ ಹೊಟ್ಟೆಗೆ ನಾನೂ ಅರಿಶಿನ ಹಚ್ಚುತ್ತೇನೆ."

ಚೌಡ ಕಾದ. ಮೊದಲ ದಿನ ಬೆರಳು ಹಸಿರು. ಅಜ್ಜಿಯ ಉಸಿರು ಸಣ್ಣಗಾಯಿತು. ಎರಡನೆಯ ದಿನವೂ ಹಸಿರು. ಚೌಡನ ಕೈ ತೊಟ್ಟಿನ ತನಕ ಹೋಯಿತು.

"ಕಿತ್ತುಬಿಡೋ," ಎಂದಿತು ಗಾಳಿ. "ಮುದುಕಿ ನಾಳೆತನಕ ಇರ್ತಾಳೋ ಇಲ್ಲವೋ."

"ಸುಮ್ಮನಿರು. ತಾಯಿ ಇನ್ನೂ ಕೈ ಬಿಟ್ಟಿಲ್ಲ."

ಮೂರನೆಯ ದಿನ ಬೆಳಗಾಗುವಾಗ ಸುರುಳಿ ಒಣಗಿ ನಾರಾಗಿತ್ತು. ಕಾಯಿ ಹೊರಳಿಸಿದ. ನೆಲಕ್ಕೊರಗಿದ ಮಗ್ಗುಲು ಅರಿಶಿನ ಬಣ್ಣಕ್ಕೆ ತಿರುಗಿತ್ತು. "ಹೋಗಿ ಬಾ ಮಗಳೇ," ಎಂದಿತು ಬಳ್ಳಿ.

ಕುಡುಗೋಲು ತಾಗಿದ್ದೇ ತಡ, ಹಣ್ಣು ತಾನೇ ಬಿರಿಯಿತು. ಒಳಗೆಲ್ಲ ಕೆಂಪು, ನಡುನಡುವೆ ಕರಿಬೀಜ.

ಅಜ್ಜಿ ಮೂರು ತುತ್ತು ತಿಂದಳು. ರಸ ಗಲ್ಲಕ್ಕಿಳಿಯಿತು. "ಇದೇ ಕಣೋ, ಇದೇ," ಎಂದಳು. ಬೀಜಗಳನ್ನು ಒಂದೊಂದಾಗಿ ನಾಲಿಗೆಯಿಂದ ನೂಕಿ ಮೊಮ್ಮಗನ ಅಂಗೈಗೆ ಹಾಕಿದಳು. ಅವನ ಮಣಿಕಟ್ಟು ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಹೊತ್ತು ಇಳಿಯುವಾಗ ಆ ಬೆರಳುಗಳು ತಾವಾಗಿಯೇ ಸಡಿಲವಾದವು. ಚೌಡ ಅವಳನ್ನು ಕೂಗಿ ಕರೆಯಲಿಲ್ಲ.

ಮಣ್ಣು ಮಾಡಿ ಬಂದವನು ಹಿತ್ತಲಿಗೆ ಹೋಗಿ ಗುಣಿ ತೋಡಿದ. ಒಂದು ಬೀಜವನ್ನೂ ಬಿಡದೆ ಊರಿದ.

ಅದಕ್ಕೇ ಇವತ್ತಿಗೂ ಕಲ್ಲಂಗಡಿಯ ತೊಟ್ಟಿನ ಪಕ್ಕದ ಸುರುಳಿ ಹಸಿರಾಗಿದ್ದರೆ ತಿಳಿದವರು ಕೈ ಹಾಕುವುದಿಲ್ಲ. ಅದು ಒಣಗಿ, ಹಣ್ಣಿನ ಹೊಟ್ಟೆಗೆ ಅರಿಶಿನ ಏರಿದ್ದು ಕಂಡರೆ, ತಾಯಿ ಒಪ್ಪಿ ಕಳಿಸಿಕೊಟ್ಟಿದ್ದಾಳೆ ಎಂದೇ ತಿಳಿಯಬೇಕು.