ಹಗ್ಗದ ಮಡಿ

ನಿವೃತ್ತ ಶಿರಸ್ತೇದಾರ ನರಸಿಂಗರಾಯರು ಒಂದು ಬೆಳಿಗ್ಗೆ ಅಡುಗೆಯಾಕೆಯನ್ನು ಕರೆದು ಅಪ್ಪಣೆ ಮಾಡಿದರು: "ಇನ್ನು ಕೆಲಸದ ಸಾಕಮ್ಮ ಸೇದಿದ ನೀರು ಅಡುಗೆಗೆ ಕೂಡದು. ಇಪ್ಪತ್ತು ಕೊಡವನ್ನೂ ನೀನೇ ಮಡಿಯಲ್ಲಿ ಸೇದಬೇಕು. ಆಗದಿದ್ದರೆ ಬೇರೆ ಮನೆ ನೋಡಿಕೋ."

ಅರವತ್ತು ದಾಟಿದ ಆಕೆಯ ತೋಳುಗಳಲ್ಲಿ ಇಪ್ಪತ್ತು ಕೊಡ ಸೇದುವ ಬಲವಿರಲಿಲ್ಲ. ಹೋಗಲು ಬೇರೆ ಮನೆಯೂ ಇರಲಿಲ್ಲ. ಆದರೂ "ಹಾಗೇ ಆಗಲಿ, ರಾಯರೇ" ಎಂದು ವಿನಯದಿಂದ ನುಡಿದು, ಮಡಿಯುಟ್ಟು, ಬಾವಿಯ ಬಳಿ ಕೈಕಟ್ಟಿ ನಿಂತಳು.

ಊಟದ ಹೊತ್ತಾದರೂ ಒಲೆ ಹೊತ್ತಲಿಲ್ಲ. ರಾಯರು ಧಾವಿಸಿ ಬಂದರು. "ಏನಮ್ಮಾ, ಬಾವಿಗೆ ಕಾವಲಿದ್ದೀಯೋ?"

"ಹಗ್ಗ ಮೈಲಿಗೆ, ರಾಯರೇ. ನಿನ್ನೆಯವರೆಗೂ ಸಾಕಮ್ಮ ಮುಟ್ಟಿದ್ದು. ನಾನು ಹಿಡಿದರೆ ನನ್ನ ಮಡಿ ಹೋಯಿತು. ತೊಳೆಯೋಣವೆಂದರೆ ನೀರು ಬೇಕು, ನೀರಿಗೆ ಹಗ್ಗ ಬೇಕು. ಪೇಟೆಯ ಹೊಸ ಹಗ್ಗವನ್ನು ಎಷ್ಟು ಜನ ಮುಟ್ಟಿರುತ್ತಾರೋ! ಶಾಸ್ತ್ರ ಬಲ್ಲ ತಾವೇ ದಾರಿ ಹೇಳಬೇಕು."

ರಾಯರು ಹಗ್ಗವನ್ನು ನೋಡಿದರು, ಬಾವಿಯನ್ನು ಇಣುಕಿದರು. ಹೊಟ್ಟೆ ಎರಡು ಬಾರಿ ಗುಡುಗಿತು. ಕೊನೆಗೆ ಗಂಟಲು ಸರಿಪಡಿಸಿಕೊಂಡು, "ಬಾವಿಯ ನೀರೆಂದರೆ ಸಾಕ್ಷಾತ್ ಗಂಗೆ. ಗಂಗೆಗೆ ಎಲ್ಲಿಯ ಮೈಲಿಗೆ? ಸಾಕಮ್ಮನೇ ಸೇದಲಿ" ಎಂದರು.

ಆಕೆ ಭಕ್ತಿಯಿಂದ ಕೈಮುಗಿದಳು. "ಈ ಶಾಸ್ತ್ರವನ್ನು ಬೆಳಿಗ್ಗೆಯೇ ಅಪ್ಪಣೆ ಕೊಡಿಸಿದ್ದರೆ, ಇಷ್ಟು ಹೊತ್ತಿಗೆ ಹುಳಿ ಕುದಿಯುತ್ತಿತ್ತಲ್ಲ, ರಾಯರೇ!"